ಒಂದು ಕೊಂಬಿನ ಅಂತರ

ಬಾಗಿಲು ಮುಚ್ಚಿಸಿಕೊಂಡು ಹಾಪರಿನೊಳಗೆ ಕೂತಿದ್ದೇನೆ,
ಭೋಸರಿಯ ಶೆಡ್ಡಿನಲ್ಲಿ, ಮಟಮಟ ಮಧ್ಯಾಹ್ನ.
ಮೇಲೆ ತಾಡಪತ್ರಿ ಹೊದಿಸಿದ್ದಾರೆ.
ಕೆಳಗೆ, ವ್ಯಾಗನ್ನಿನ ಹೊಟ್ಟೆಯಡಿ, ಸೋಪಾನರಾವ್
ಹ್ಯಾಲೊಜನ್ ದೀಪ ಹಿಡಿದು ಅಂಗಾತ ಮಲಗಿದ್ದಾರೆ.
ನನ್ನ ಕೆಲಸ ಕತ್ತಲೆಯಲ್ಲಿ ಬೆಳಕು ಹುಡುಕುವುದು,
ಸಿಗದಿರಲಿ ಎಂದು ಹಾರೈಸುತ್ತ.

ಸಿಕ್ಕಿತು.
ಎಡಬಾಗಿಲ ಮೂಲೆಯಲ್ಲಿ ಮೊದಲು ಕೂದಲೆಳೆ,
ಆಮೇಲೆ ಶಾವಿಗೆಯ ಎಳೆ.
ಫೀಲರ್ ಗೇಜ್ ತೂರಿಸಿದೆ: ಎರಡೂಕಾಲು ಮಿಲಿಮೀಟರ್.
ನಕ್ಷೆಯಲ್ಲಿ ಅಲ್ಲಿ ಸೊನ್ನೆ ಬರೆದವಳು ನಾನೇ.

ನಿನ್ನೆ ಸಣ್ಣ ಮರಳು ತುಂಬಿ
ಶಂಟಿಂಗ್ ಇಂಜಿನ್ನಿನಿಂದ ಮೂರು ಸಲ ಗುದ್ದಿಸಿದಾಗ
ಹಳಿಗಳ ನಡುವೆ ಪುಟ್ಟದೊಂದು ಗುಡ್ಡ ಎದ್ದಿತ್ತು,
ಹೊಳೆದಂಡೆಯಲ್ಲಿ ಮಕ್ಕಳು ಕಟ್ಟುವಂಥದು.
ಕ್ಯಾಂಟೀನಿನ ತಕ್ಕಡಿಯಲ್ಲಿ ತೂಗಿದೆವು,
ಒಂದು ಕಿಲೊ ಮುನ್ನೂರು ಗ್ರಾಂ.
ಕುರುಂದವಾಡಕರ್ ಸಾಹೇಬರು ಬೆರಳಲ್ಲೇ ಗುಣಿಸಿದರು
ನಾಲ್ಕು ಬಾಗಿಲು, ಐವತ್ತೆಂಟು ವ್ಯಾಗನ್ನು, ಸಾವಿರ ಕಿಲೋಮೀಟರ್.
ಉತ್ತರ ಹೇಳದೆ ಚಹಾ ತರಿಸಿದರು.
ಬೈದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ರಬ್ಬರ್ ಪಟ್ಟಿ ಹಾಕೋಣ ಎಂದೆ.
ಬಿಸಿ ಕ್ಲಿಂಕರ್ ಅದನ್ನು ಹಪ್ಪಳ ಮಾಡುತ್ತದೆ ಎಂದರು.
ತಗಡು ದಪ್ಪ ಮಾಡೋಣ ಎಂದೆ.
ಗಾಡಿ ಹೊರಬೇಕಾದ್ದು ಸರಕನ್ನೋ ಬಾಗಿಲನ್ನೋ ಎಂದರು.
ಟಾಲರೆನ್ಸ್ ಬಿಗಿ ಮಾಡೋಣ, ಅರ್ಧಕ್ಕರ್ಧ, ಎಂದೆ.
ಈ ಸಲ ಯಾರೂ ಏನೂ ಅನ್ನಲಿಲ್ಲ.
ವೆಲ್ಡರ್ ಲಾಡ್ಲೇಸಾಬ ಮಾತ್ರ ಮುಖವಾಡ ಮೇಲೆತ್ತಿ ನಕ್ಕ:
"ಬೆಂಕಿ ತಾಗಿದ ಮ್ಯಾಲ ಕಬ್ಬಿಣ
ನಿಮ್ಮ ಕಾಗದ ಓದೂದಿಲ್ಲರೀ ಅಕ್ಕಾರ."

ಸೇರು. ಸೋರು.
ಬರೆದು ನೋಡಿ, ಒಂದು ಕೊಂಬಿನ ಅಂತರ.
ಜಮಖಂಡಿಯ ಮೂರನೇ ಇಯತ್ತೆಯಲ್ಲಿ ಆ ಕೊಂಬು ಮರೆತು
'ಒಡಕು ಮಡಕೆ ಸೇರುತ್ತದೆ' ಎಂದು ಬರೆದು
ಬೆರಳ ಗಂಟಿಗೆ ಪಟ್ಟಿಯ ಏಟು ತಿಂದವಳು.
ಈಗ ಅದೇ ತಪ್ಪಿಗೆ ಸಂಬಳ ಕೊಡುತ್ತಾರೆ,
ಸೋರುವುದರ ಕೊಂಬು ಕಿತ್ತು
ಸೇರಿಸುವುದೇ ಹೊಟ್ಟೆಪಾಡು.

ಏಣಿ ಇಳಿದು ಬಂದಾಗ ಸೋಪಾನರಾವ್
ಗ್ರೀಸಿನ ಬೆರಳಲ್ಲೇ ಪಿನ್ನಿನ ತೂತು ತೋರಿಸಿದರು.
"ಹೇ ಜರಾ ಢಿಲಂ ಠೇವಾ."
ಸಡಿಲ ಬಿಡಬೇಕಂತೆ! ಬಿಗಿ ಬಾಗಿಲಿಗೆ!
ದುಂಡು ತೂತನ್ನು ಖರ್ಜೂರದ ಬೀಜದಷ್ಟು ಉದ್ದ ಮಾಡಿದರೆ
ಬಾಗಿಲು ಪಿನ್ನಿನ ಮಾತು ಕೇಳುವುದನ್ನು ಬಿಟ್ಟು
ಚೌಕಟ್ಟಿನ ಮಾತು ಕೇಳುತ್ತದಂತೆ,
ಅತ್ತಿತ್ತ ಸರಿದು, ಕತ್ತಲಲ್ಲಿ ಹಾಸಿಗೆ ತಡಕುವವರ ಹಾಗೆ
ತನ್ನ ಜಾಗ ತಾನೇ ಹುಡುಕಿ ಕೂರುತ್ತದಂತೆ.
ಆಮೇಲೆ ಸನ್ನೆಗೋಲು ನಡುಗೆರೆ ದಾಟಿ ಬಿದ್ದರೆ ಸಾಕು,
ಮೇಲಿನ ಭಾರ ಒತ್ತಿದಷ್ಟೂ ಬೀಗ ಬಿಗಿ.

ಆರು ವರ್ಷ ಕಾಲೇಜಿನಲ್ಲಿ ಕಲಿತದ್ದೆಲ್ಲ
ಆ ಒಂದು ತೂತಿನಿಂದ ಸೋರಿಹೋಯಿತು.
ನಕ್ಷೆಯಲ್ಲಿ ಸೊನ್ನೆ ಅಳಿಸಿದೆ,
ಉದ್ದ ತೂತು ಬರೆದೆ, ಪಕ್ಕದಲ್ಲಿ ಅವರ ಹೆಸರು ಬರೆಯಲು
ಚೌಕದೊಳಗೆ ಜಾಗವಿರಲಿಲ್ಲ. ಇದ್ದಿದ್ದರೆ ಬರೆಯುತ್ತಿದ್ದೆನೋ
ಇಲ್ಲವೋ, ಆ ಮಾತು ಬೇರೆ.

ಐದು ವಾರದ ಮೇಲೆ ಮತ್ತೆ ಒಳಗೆ ಕೂತೆ.
ನಾಲ್ಕೂ ಮೂಲೆ, ನಾಲ್ಕೂ ಅಂಚು.
ಕಣ್ಣು ತೆರೆದರೂ ಮುಚ್ಚಿದರೂ ಒಂದೇ.
ಬೆಳಕು ಬರಲಿಲ್ಲ. ಸೋಪಾನರಾವ್ ಕೆಮ್ಮಿದ್ದು ಬಂತು,
ಉಕ್ಕಿನ ಮೂಲಕ, ನನ್ನ ಅಂಗಾಲಿಗೆ.
ಅದನ್ನು ಅಳೆಯುವ ಗೇಜು ನಮ್ಮಲ್ಲಿಲ್ಲ.

ಸಂಜೆ ಮರಳು ತುಂಬಿದರು, ಗುದ್ದಿಸಿದರು,
ಹಳಿಯ ನಡುವೆ ಹಾಸಿದ ಬಿಳಿ ಬಟ್ಟೆ ಬಿಳಿಯಾಗೇ ಇತ್ತು.
ಆಮೇಲೆ ಗಾಳಿಯ ಸಿಲಿಂಡರು ಉಸ್ಸೆಂದಿತು,
ನಾಲ್ಕೂ ಬಾಗಿಲು ಒಟ್ಟಿಗೆ ತೆರೆದು
ಅರವತ್ತು ಟನ್ನು ಕಣ್ಣು ಪಿಳುಕಿಸುವುದರೊಳಗೆ ಕುಸಿಯಿತು.
ಎಲ್ಲರೂ ಧೂಳಿನಲ್ಲಿ ಚಪ್ಪಾಳೆ ತಟ್ಟಿದೆವು.

ಕಾಸರವಾಡಿಯ ಬಾಡಿಗೆ ಮನೆಯ ಹೊಸ್ತಿಲಲ್ಲಿ
ಬೂಟು ಬಿಚ್ಚಿ ಕೊಡವಿದೆ:
ಒಂದು ಚಮಚೆಯಷ್ಟು ಮರಳು.
ಲೆಕ್ಕಕ್ಕೆ ಬರೆಯಲಿಲ್ಲ.